ಒಂದೇ ಗುಟುಕಿನ ಜೆಲ್ಲಿ

ಸಭೆಯ ಅಧ್ಯಕ್ಷತೆ ವಹಿಸಿರುವ ಗೈಬುಸಾಬ ಅವರೇ, ನಾಲತವಾಡದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ಮುಖ್ಯ ಅತಿಥಿ, ಮುಖ್ಯೋಪಾಧ್ಯಾಯಿನಿ ಭುವನೇಶ್ವರಿ ಅವರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಕಿರಾಣಿ ವ್ಯಾಪಾರಸ್ಥರ ಸಂಘದ ಹಿರಿಯರೇ, ಅಂಗಡಿಗೆ ಬೀಗ ಹಾಕಿ ಬಂದ ಸಭಿಕರೇ, ಬೀಗ ಹಾಕಲು ಮನಸ್ಸಾಗದೆ ಮನೆಯವರನ್ನು ಗಲ್ಲೆಯ ಮೇಲೆ ಕೂರಿಸಿ, ಗಳಿಗೆಗೊಮ್ಮೆ ಫೋನು ನೋಡುತ್ತಿರುವ ಸಭಿಕರೇ,

ಎಲ್ಲರಿಗೂ ವಂದನೆಗಳು. ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಫಲಕದ ಮೇಲೆ ‘ಧೈರ್ಯವಂತೆ ರಾಜಶ್ರೀ’ ಎಂದು ಕೆತ್ತಿಸಿದ್ದೀರಿ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ವಲಯ ಮಾರಾಟ ವ್ಯವಸ್ಥಾಪಕಿ’ ಎಂದು ಅಚ್ಚು ಹಾಕಿಸಿದ್ದೀರಿ. ಆ ಹುದ್ದೆ ಈಗ ಆಹ್ವಾನ ಪತ್ರಿಕೆಯಲ್ಲಿ ಮಾತ್ರ ಇದೆ. ಇರಲಿ, ಎಲ್ಲಾದರೂ ಒಂದು ಕಡೆ ಉಳಿದಿದೆಯಲ್ಲ.

ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರನ್ನು ಈ ಮೈಕಿನಲ್ಲಿ ಹೇಳಬಾರದೆಂದು ನನ್ನ ವಕೀಲರು ಎಚ್ಚರಿಸಿದ್ದಾರೆ. ಹೇಳುವುದಿಲ್ಲ. ನಿಮ್ಮೆಲ್ಲರ ಅಂಗಡಿಯ ಮುಂದೆ ಅದರ ಬೋರ್ಡು ತೂಗುತ್ತಿದೆ, ಅಷ್ಟು ಸಾಕು. ಕೊನೆಯ ಸಾಲಿನಲ್ಲಿ ಮೊಬೈಲು ಎತ್ತಿ ಹಿಡಿದು ನನ್ನ ಭಾಷಣವನ್ನು ಚಿತ್ರೀಕರಿಸುತ್ತಿರುವ ಇಬ್ಬರನ್ನು ಯಾರು ಕಳಿಸಿದ್ದಾರೆಂದು ನನಗೆ ಗೊತ್ತು. ಅವರಿಗೂ ಸ್ವಾಗತ. ಊಟ ಮಾಡಿಕೊಂಡು ಹೋಗಿ.

ಬಂಧುಗಳೇ, ನನಗೆ ಕೊಟ್ಟ ವಿಷಯ ‘ವ್ಯಾಪಾರ ಮತ್ತು ನೀತಿ’. ದೊಡ್ಡ ವಿಷಯ. ಕಾಲೇಜಿನಲ್ಲಿ ಅದರ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು ನಾನು. ಇವತ್ತು ಅದನ್ನೆಲ್ಲ ಬಿಟ್ಟು, ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ನಮ್ಮ ಕಂಪನಿ ‘ಗುಳಕ್’ ಎಂಬ ಜೆಲ್ಲಿಯನ್ನು ಮಾರುಕಟ್ಟೆಗೆ ತಂದಿತು. ನಿಮಗೆಲ್ಲ ನೆನಪಿದೆ. ಹೆಬ್ಬೆರಳಿನ ತುದಿಯಷ್ಟು, ಪುಟ್ಟ ಬಟ್ಟಲಿನಂಥ ಪ್ಲಾಸ್ಟಿಕ್ ಕಪ್ಪು, ಒಳಗೆ ಕೆಂಪು, ಹಸಿರು, ಕಿತ್ತಳೆ ಬಣ್ಣದ ಜೆಲ್ಲಿ, ಮೇಲೆ ತೆಳುವಾದ ಬೆಳ್ಳಿಬಣ್ಣದ ಮುಚ್ಚಳ. ಮುಚ್ಚಳ ಹರಿಯಬೇಕು, ಕತ್ತು ಹಿಂದಕ್ಕೆ ಎತ್ತಬೇಕು, ಕಪ್ಪನ್ನು ಒತ್ತಿ ಒಂದೇ ಸಲಕ್ಕೆ ಹೀರಬೇಕು. ಜಾಹೀರಾತಿನ ಮಾತೇ ಅದು: ‘ಒಂದೇ ಗುಟುಕು, ಗುಳಕ್!’ ಜಾಡಿಯನ್ನು ಗಲ್ಲೆಯ ಮುಂದೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಇಡಬೇಕೆಂಬುದು ಕಂಪನಿಯ ತಂತ್ರ. ದೊಡ್ಡವರ ಕಣ್ಣಿಗೆ ಬೀಳುವ ಮೊದಲೇ ಮಗು ಕೈಚಾಚಬೇಕು. ತಂತ್ರ ಫಲಿಸಿತು. ಹದಿನೈದು ದಿನಗಳಲ್ಲಿ ನಮ್ಮ ಭಾಗದ ಯಾವ ಹಳ್ಳಿಗೆ ಹೋದರೂ ಮಕ್ಕಳು ಆಕಾಶ ನೋಡುತ್ತ ನಿಂತಿರುತ್ತಿದ್ದರು.

ನವೆಂಬರ್ ಎರಡನೆಯ ವಾರ ನಾನು ಇಂಡಿ ತಾಲೂಕಿನ ಅಗರಖೇಡಕ್ಕೆ ಹೋಗಿದ್ದೆ. ಅಲ್ಲಿ ಹುಚ್ಚವ್ವ ಎಂಬ ಹಿರಿಯ ಹೆಂಗಸಿನ ಕಿರಾಣಿ ಅಂಗಡಿ ಇದೆ. ಇವತ್ತು ಕಾಲುನೋವೆಂದು ಅವಳು ಬಂದಿಲ್ಲ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಅವಳ ಮೊಮ್ಮಗಳು ಸಂಗೀತಾ, ಎಲ್ಲರ ಬಾಯಲ್ಲಿ ಸಂಗು, ನಾಲ್ಕು ವರ್ಷದ ಹುಡುಗಿ, ಜಾಡಿಯಿಂದ ಒಂದು ಕಪ್ಪು ತೆಗೆದುಕೊಂಡು ನನ್ನ ಮುಂದೆ ಬಂದು ನಿಂತಳು.

“ಆಂಟಿ, ನೋಡ್ರಿ, ಗುಳಕ್ ಅಂತೇನಿ” ಅಂದಳು. ಕತ್ತು ಎತ್ತಿದಳು, ಹೀರಿದಳು.

ಅಷ್ಟೇ. ಮುಂದೆ ಏನೂ ಕೇಳಿಸಲಿಲ್ಲ.

ಗಂಟಲಲ್ಲಿ ಏನಾದರೂ ಸಿಕ್ಕರೆ ಮಗು ಕೆಮ್ಮುತ್ತದೆ, ಅಳುತ್ತದೆ, ಒದ್ದಾಡುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಸಂಗು ಕೆಮ್ಮಲಿಲ್ಲ. ಬಾಯಿ ತೆರೆದೇ ಇತ್ತು, ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು, ಸದ್ದಿರಲಿಲ್ಲ. ಹುಚ್ಚವ್ವ ಸಕ್ಕರೆ ಪೊಟ್ಟಣ ಕಟ್ಟುತ್ತ, “ನಾಟಕ ಮಾಡತಾಳ್ರಿ ಅಕಿ, ದಿನಾ ಹಿಂಗ” ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಹುಡುಗಿಯ ತುಟಿಯ ಬಣ್ಣ ನೋಡಿದೆ.

ಮೊದಲು ಬೆರಳು ಹಾಕಿದೆ. ಜೆಲ್ಲಿ ಬೆರಳಿಗೆ ತಾಗಿತು, ತಾಗಿದ್ದೇ ಜಾರಿ ಇನ್ನೂ ಒಳಗೆ ಹೋಯಿತು. ಆ ಜಾರುವಿಕೆ ಈಗಲೂ ನನ್ನ ಬೆರಳಿನಲ್ಲಿದೆ. ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನಿಗೆ ಹೊಡೆದೆ. ಹುಚ್ಚವ್ವ “ಯವ್ವಾ, ಕೂಸಿನ್ನ ಯಾಕ ಬಡೀತಿ!” ಎಂದು ನನ್ನ ಕೂದಲು ಹಿಡಿದು ಎಳೆದಳು. ಅವಳಿಗೆ ಇನ್ನೂ ತಿಳಿದಿರಲಿಲ್ಲ. ನಾನು ಹೊಡೆಯುತ್ತಲೇ ಇದ್ದೆ. ಮಗುವಿನ ಕೈ ನೇತಾಡತೊಡಗಿತ್ತು. ಆಗ ಒಮ್ಮೆ ಏನೋ ಕಿತ್ತು ಬಂದಂತಾಗಿ ಆ ಜೆಲ್ಲಿ ನೆಲಕ್ಕೆ ಬಿತ್ತು. ಹೋದ ಹಾಗೆಯೇ ಇಡಿಯಾಗಿ, ಕೆಂಪಗೆ, ಹೊಳೆಯುತ್ತ. ಆಮೇಲೆ ಸಂಗು ಉಸಿರೆಳೆದು ಅತ್ತಳು.

ಇಂಡಿಯ ಆಸ್ಪತ್ರೆಗೆ ಒಯ್ದೆವು. ವೈದ್ಯರು ಪರೀಕ್ಷೆ ಮಾಡಿ, ನಾನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದ ಜೆಲ್ಲಿಯನ್ನು ಹಿಚುಕಿ ನೋಡಿದರು.

“ಬಿಸ್ಕೀಟ ಆಗಿದ್ರ ಉಗುಳಿನ್ಯಾಗ ಮೆತ್ತಗಾಗತಿತ್ತು. ಇದು ಕರಗಂಗಿಲ್ಲ, ಒಡಿಯಂಗಿಲ್ಲ, ಗಂಟಲಾಗ ಬೂಚ ಹಾಕಿದಂಗ ಕೂಡತೈತಿ. ಯಾರ ಮಾರತಾರ್ರಿ ಇದನ್ನ?” ಎಂದು ಕೇಳಿದರು.

ನನ್ನ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ತೂಗುತ್ತಿತ್ತು. ಅವರು ಓದಿಕೊಂಡರು.

ಹುಬ್ಬಳ್ಳಿಯಲ್ಲಿದ್ದ ನಮ್ಮ ಪ್ರಾದೇಶಿಕ ಮುಖ್ಯಸ್ಥ ಅನೀಲಕುಮಾರ ಅವರಿಗೆ ಆಸ್ಪತ್ರೆಯ ಅಂಗಳದಿಂದಲೇ ಫೋನು ಮಾಡಿದೆ. ಅವರು ಗಾಬರಿಯಾದರು, ನಿಜವಾಗಿಯೂ ಗಾಬರಿಯಾದರು. “ಕೂಸು ಆರಾಮ ಐತೇನು?” ಎಂದು ಎರಡೆರಡು ಸಲ ಕೇಳಿದರು. ಆಮೇಲೆ ದನಿ ತಗ್ಗಿಸಿ, “ರಾಜಶ್ರೀ, ಫೋನಿನ್ಯಾಗ ಹೇಳಿದ್ದ ಸಾಕು. ವಾಟ್ಸಾಪಿನ್ಯಾಗ ಏನೂ ಹಾಕಬ್ಯಾಡ” ಎಂದರು.

ಮರುದಿನ ಸಂಜೆ ವಿಡಿಯೋ ಸಭೆ ಕರೆದರು. ನಾನು ಬಾಗೇವಾಡಿಯ ನಮ್ಮ ಮನೆಯಲ್ಲಿ ಕುಳಿತಿದ್ದೆ. ಮುಂಬೈಯವರು, ವಿದೇಶದ ಮುಖ್ಯ ಕಚೇರಿಯವರು, ಪರದೆಯ ತುಂಬ ಮುಖಗಳು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ‘ನಮ್ಮ ಮೌಲ್ಯಗಳು’ ಎಂಬ ಫಲಕ. ನಾನು ನಡೆದದ್ದನ್ನು ಹೇಳಿದೆ. ಯಾರೂ ನನ್ನನ್ನು ಗದರಲಿಲ್ಲ. ಮಗುವಿನ ಹೆಸರು ಕೇಳಿದರು, ಮರುಗಿದರು. ಮುಂದಿನ ಮುದ್ರಣದಲ್ಲಿ ಒಂದು ಎಚ್ಚರಿಕೆಯ ಸಾಲು ಹಾಕೋಣ ಎಂದರೊಬ್ಬರು. ಯಾವ ಭಾಷೆಯಲ್ಲಿ ಎಂದು ಕೇಳಿದೆ. ಕಪ್ಪಿನ ಮೇಲೆ ಅಷ್ಟು ಜಾಗವಿಲ್ಲ, ಇಂಗ್ಲಿಷಿನಲ್ಲಿ ಹಾಕೋಣ ಎಂದರು.

ಆಗ ಮುಖ್ಯ ಕಚೇರಿಯ ಒಬ್ಬ ಮಹಿಳೆ ಮಾತಾಡಿದಳು. ನನ್ನಷ್ಟೇ ವಯಸ್ಸು ಇರಬಹುದು. “ಆದರೆ ನಮ್ಮ ದೇಶದಲ್ಲಿ ಇಂಥ ಘಟನೆಗಳಾದ ಮೇಲೆಯೇ ಅಲ್ಲವೇ ಈ ಚಿಕ್ಕ ಅಳತೆಯನ್ನು ನಾವು ನಿಲ್ಲಿಸಿದ್ದು? ಇಲ್ಲಿ ಎಷ್ಟು ಮಕ್ಕಳು…”

ಅಷ್ಟರಲ್ಲಿ ಯಾರೋ ಅವಳ ಮೈಕು ಬಂದ್ ಮಾಡಿದರು. ಅವಳಿಗೆ ಅದು ಗೊತ್ತಾಗಲಿಲ್ಲ. ಮಾತಾಡುತ್ತಲೇ ಇದ್ದಳು. ಬಾಯಿ ಆಡುತ್ತಿತ್ತು, ದನಿಯಿರಲಿಲ್ಲ. ಬಂಧುಗಳೇ, ನನಗೆ ಹೆದರಿಕೆ ಹತ್ತಿದ್ದು ಆಗ. ಅಗರಖೇಡದಲ್ಲಿ ಆದದ್ದು ಆಕಸ್ಮಿಕ ಎಂದು ನಾನು ತಿಳಿದಿದ್ದೆ. ಆಕಸ್ಮಿಕವಾಗಿರಲಿಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ, ತಮ್ಮ ಮಕ್ಕಳಿಗೆ ಬೇಡವೆಂದು ನಿಲ್ಲಿಸಿದ್ದನ್ನು ನಮ್ಮ ಸಂಗುವಿನ ಕಣ್ಣಿನ ಮಟ್ಟಕ್ಕೆ ಇಡಿಸಿದ್ದರು.

ಅವರು ರಾಕ್ಷಸರೇ? ಅಲ್ಲ. ಅನೀಲಕುಮಾರ ಅವರಿಗೆ ಎರಡು ಹೆಣ್ಣುಮಕ್ಕಳಿದ್ದಾರೆ, ಸಭೆಯ ನಡುವೆ ಒಬ್ಬಳು ಬಂದು ಅವರ ತೊಡೆಯ ಮೇಲೆ ಕುಳಿತಿದ್ದಳು. ರಾಕ್ಷಸರಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಒಳ್ಳೆಯವರೆಲ್ಲ ಒಂದೊಂದು ಚಿಕ್ಕ ಮಾತು ಹೇಳಿ, ಒಂದೊಂದು ಚಿಕ್ಕ ಗುಂಡಿ ಒತ್ತಿ, ಎದ್ದು ಊಟಕ್ಕೆ ಹೋದರು. “ನೋಡೋಣ, ಸದ್ಯಕ್ಕ ಮಾಲ್ ತಡೆದಿಡತೇವಿ” ಎಂದರು ಅನೀಲಕುಮಾರ. ನಾನು ನಂಬಿದೆ.

ಕ್ಷಮಿಸಿ, ಒಂದು ನಿಮಿಷ. ಮುಂದಿನ ಸಾಲಿನಲ್ಲಿ ಹಸಿರು ಸೀರೆ ಉಟ್ಟಿರುವ ತಾಯಿ, ಮಗುವಿನ ಬಾಯಲ್ಲಿ ಏನಿದೆ? ಪೇಢೆಯೇ? ಸರಿ. ಮುರಿದು ಸಣ್ಣದು ಮಾಡಿ ಕೊಡಿ. ಓಡಾಡಲು ಬಿಡಬೇಡಿ, ಮಡಿಲಲ್ಲೇ ಕೂರಿಸಿಕೊಳ್ಳಿ. ನುಂಗಿದನೇ? ನೋಡಿ ಹೇಳಿ… ಆಯಿತು. ನೀವು ನಗುತ್ತಿದ್ದೀರಿ, ನಗಿ. ನಮ್ಮ ಮನೆಯಲ್ಲೂ ನಗುತ್ತಾರೆ. ನನ್ನ ಮಗ ಐದನೆಯ ತರಗತಿ. ಈಗಲೂ ಅವನ ಡಬ್ಬಿಗೆ ದ್ರಾಕ್ಷಿ ಹಾಕುವಾಗ ಒಂದೊಂದನ್ನೂ ಸೀಳಿ ಹಾಕುತ್ತೇನೆ. ದ್ರಾಕ್ಷಿ ಬೆಳೆಯುವ ಸೀಮೆಯಲ್ಲಿ ಹುಟ್ಟಿ ಸೀಳಿದ ದ್ರಾಕ್ಷಿ ತಿನ್ನುವುದು ಅವನಿಗೆ ಗೆಳೆಯರ ಮುಂದೆ ಅವಮಾನ. ಅವನು ಊಟ ಮಾಡುವಾಗ ನಾನು ಅಡುಗೆಮನೆಯಲ್ಲಿದ್ದರೆ, ಸದ್ದು ನಿಂತ ತಕ್ಷಣ ಹೊರಗೆ ಬಂದು ನೋಡುತ್ತೇನೆ. ಇದನ್ನೆಲ್ಲ ಇಲ್ಲಿ ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು.

ಎಲ್ಲಿದ್ದೆ? ನಂಬಿದೆ ಎಂದೆ. ಮರುದಿನ ಮಕ್ಕಳ ದಿನಾಚರಣೆ. ಕಂಪನಿಯ ಮೊದಲಿನ ಯೋಜನೆಯ ಪ್ರಕಾರ ಅಂದು ಮುದ್ದೇಬಿಹಾಳ ತಾಲೂಕಿನ ಶಾಲೆಗಳಲ್ಲಿ ಗುಳಕ್ ಅನ್ನು ಉಚಿತವಾಗಿ ಹಂಚಬೇಕಿತ್ತು. ಅದು ರದ್ದಾಯಿತೆಂದೇ ನಾನು ಭಾವಿಸಿದ್ದೆ. ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಈ ಸಿಂದಗಿಯಿಂದ ಫೋನು ಬಂತು. ನಮ್ಮ ಅಧ್ಯಕ್ಷರು, ಕಂಪನಿಯ ವಿತರಕರಾಗಿದ್ದ ಗೈಬುಸಾಬ ಅವರದು.

“ತಂಗಿ, ಸಾಲಿ ಮಾಲಿಂದು ಒಂದ ಗಾಡಿ ಹೋತು ನಾಲತವಾಡಕ್ಕ. ಪುಣೆದ ಜಾಹೀರಾತಿನವ್ರು ಕ್ಯಾಮೆರಾ ತೊಗೊಂಡ ಬಂದಾರ. ಉಳಿದ ಗಾಡಿ ಯಾವ ಊರಿಗೆ ಬಿಡ್ಲಿ?”

“ಬ್ಯಾಡ್ರಿ ಕಾಕಾ, ಬಿಡಬ್ಯಾಡ್ರಿ” ಎಂದೆ. ಅಗರಖೇಡದ್ದನ್ನು ಹೇಳಿದೆ, ಮೈಕು ಬಂದ್ ಮಾಡಿದ್ದನ್ನು ಹೇಳಿದೆ. ಕೇಳಿದ್ದೇ ಅವರು, “ನಮ್ಮ ಮನಿ ಪಡಸಾಲ್ಯಾಗ ಒಂದ ಡಬ್ಬಿ ಐತಿ, ತಂಗಿ. ಮಮ್ಮಕ್ಕಳಿಗಂತ ನಾನ ಒಯ್ದಿಟ್ಟೇನಿ” ಎಂದರು. ಫೋನು ಕೈಯಲ್ಲಿ ಹಿಡಿದೇ ಅವರು ಓಡಿದರು. ಚಪ್ಪಲಿಯ ಸದ್ದು ಕೇಳಿಸಿತು, ಏದುಸಿರು ಕೇಳಿಸಿತು. “ಸಗೀರಾ! ಸಗೀರಾ! ಆ ಡಬ್ಬಿ ತಗಿ! ಹುಡುಗೂರ ಎಲ್ಲಿ?” ಎಂದು ಸೊಸೆಯನ್ನು ಕೂಗಿದ್ದು ಕೇಳಿಸಿತು. ಅಧ್ಯಕ್ಷರೇ, ನಿಮ್ಮ ಮನೆಗೂ ಗೋಡೌನಿಗೂ ನಡುವೆ ಇರುವುದು ಒಂದೇ ಓಣಿ. ಅಷ್ಟು ಹೊತ್ತು ನಾನು ಉಸಿರು ಬಿಟ್ಟಿರಲಿಲ್ಲ.

“ಸಿಕ್ಕತು. ಎಲ್ಲಾರೂ ಅದಾರ” ಎಂದಿರಿ. ತಿರುಗಿ ಬಂದು ಗೋಡೌನಿನ ಶಟರು ಎಳೆದು, ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿರಿ. ಕಂಪನಿಯವರು ಏನು ಹೇಳಿದರೂ ಏಳಲಿಲ್ಲ. ಆ ಏಜೆನ್ಸಿ ನಿಮ್ಮ ಕೈಬಿಟ್ಟು ಹೋಯಿತು. ಈ ಶಾಲು ನಿಮಗೆ ಸಲ್ಲಬೇಕಿತ್ತು.

ನಾನು ನಾಲತವಾಡಕ್ಕೆ ಹೊರಟೆ. ಚಾಲಕ ಕಾಂತು ಅಂದು ರಜೆಯಲ್ಲಿದ್ದರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದ. ದಾರಿಯುದ್ದಕ್ಕೂ ಅಲ್ಲಿಯ ಶಾಲೆಯ ಭುವನೇಶ್ವರಿ ಅವರ ಫೋನಿಗೆ ಕರೆ ಮಾಡಿದೆ. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಕಾರ್ಯಕ್ರಮವೆಂದು ಎಲ್ಲ ಶಿಕ್ಷಕರೂ ಫೋನನ್ನು ಕಚೇರಿಯಲ್ಲಿಟ್ಟು ಅಂಗಳಕ್ಕೆ ಬಂದಿದ್ದರಂತೆ. ಶಿಕ್ಷಣ ಇಲಾಖೆಯ ಒಬ್ಬರಿಗೆ ಮಾಡಿದೆ. ಬರೆದು ಕೊಡಿ ಎಂದರು. ಅನೀಲಕುಮಾರ ಅವರಿಗೆ ಮಾಡಿದೆ. ಅವರು ಎತ್ತಿದರು, ನನ್ನ ದನಿ ಕೇಳಿದರು, ಇಟ್ಟುಬಿಟ್ಟರು.

ಕಬ್ಬಿನ ಸುಗ್ಗಿ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ತುಂಬ. “ಹಾರ್ನ್ ಹೊಡಿಯೋ ಕಾಂತು” ಎಂದು ಕಿರುಚಿದೆ. “ಹಾರ್ನಿಗೆ ಕಬ್ಬ ಬಾಜೂ ಸರೀತಾವೇನ್ರಿ ಅಕ್ಕಾರ?” ಎಂದವನು, ನನ್ನ ಮುಖ ನೋಡಿ ಗಾಡಿಯನ್ನು ತೊಗರಿ ಹೊಲದ ಬದುವಿಗೇ ಇಳಿಸಿದ. ಮುದ್ದೇಬಿಹಾಳ ದಾಟುವಾಗ ನನ್ನ ತಲೆಯಲ್ಲಿ ಒಂದೇ ಮಾತು. ಅಗರಖೇಡದಲ್ಲಿ ಒಂದು ಮಗು, ಇಬ್ಬರು ದೊಡ್ಡವರು ಇದ್ದೆವು. ಅಲ್ಲಿ ಇಡೀ ಶಾಲೆ. ಏಕಕಾಲಕ್ಕೆ ಇಬ್ಬರಿಗೆ ಹಾಗಾದರೆ? ಮೂವರಿಗಾದರೆ? ಸದ್ದೇ ಬರದಿದ್ದರೆ, ಅಷ್ಟು ಮಕ್ಕಳಲ್ಲಿ ಯಾರಿಗೆ ಆಗಿದೆ ಎಂದು ಹೇಗೆ ತಿಳಿಯುತ್ತದೆ?

ಶಾಲೆಯ ಗೇಟಿನಲ್ಲಿ ಇಳಿದಾಗ ಮಕ್ಕಳು ಸಾಲುಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಕಪ್ಪು, ಮುಚ್ಚಳ ಹರಿದಿತ್ತು. ಪುಣೆಯ ಕ್ಯಾಮೆರಾದವನು ಮೇಜಿನ ಮೇಲೆ ಹತ್ತಿದ್ದ. ಎಲ್ಲ ಮಕ್ಕಳೂ ಒಟ್ಟಿಗೆ ಕತ್ತೆತ್ತಿ, ಒಟ್ಟಿಗೆ ‘ಗುಳಕ್’ ಎನ್ನುವ ದೃಶ್ಯ ಅವನಿಗೆ ಬೇಕಿತ್ತು. ಧ್ವನಿವರ್ಧಕದಲ್ಲಿ “ಎಲ್ಲಾರೂ ರೆಡಿ? ಒಂದು…” ಎಂದು ಎಣಿಕೆ ಶುರುವಾಗಿತ್ತು.

ಕೂಗಬೇಕೆಂದು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಭಯ ಅಂದರೆ ಹಾಗೆ ಎಂದು ನನಗೆ ಗೊತ್ತಿರಲಿಲ್ಲ. ಓಡುತ್ತಲೇ ಇದ್ದೆ. “ಎರಡು” ಎಂದರು. ಮಕ್ಕಳ ಕತ್ತುಗಳು ಮೇಲೆದ್ದವು. ನಾನು ಎಣಿಸುತ್ತಿದ್ದ ಮನುಷ್ಯನ ಕೈಯಿಂದ ಮೈಕು ಕಿತ್ತುಕೊಂಡೆ. ಆ ಗಳಿಗೆಯಲ್ಲಿ ಏನು ಹೇಳಿದರೆ ಅಷ್ಟು ಮಕ್ಕಳು ನಿಲ್ಲುತ್ತಾರೆ? ಬೇಡ ಎಂದರೆ ಕೇಳುತ್ತಾರೆಯೇ? ಅಪಾಯ ಎಂದರೆ ತಿಳಿಯುತ್ತದೆಯೇ? ನನ್ನ ತಂದೆ ಬಾಗೇವಾಡಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ತಿಳಿಯದೆಯೇ ನನ್ನೊಳಗಿಂದ ಅವರ ಕೂಗು ಹೊರಬಿತ್ತು.

“ಸಾವಧಾನ್!”

ಅಂಗಳಕ್ಕೆ ಅಂಗಳವೇ ಕಾಲು ಜೋಡಿಸಿತು. ಎಲ್ಲರ ಕೈ ಕೆಳಗೆ, ತೊಡೆಗೆ ಅಂಟಿಕೊಂಡವು. ಎಷ್ಟೋ ಕಪ್ಪುಗಳು ಮಣ್ಣಿಗೆ ಬಿದ್ದವು.

“ಯಾರ್ರಿ ನೀವು?” ಎಂದರು ಭುವನೇಶ್ವರಿ. ಅಳುತ್ತಲೇ, ಇದು ಮಕ್ಕಳ ಗಂಟಲಿಗೆ ಸಿಕ್ಕುತ್ತದೆ ಎಂದೆ. ನನ್ನ ಮುಖ ನೋಡಿದ್ದೇ ಅವರು ಹೆಚ್ಚು ಕೇಳಲಿಲ್ಲ. ಬಕೆಟ್ಟು ತರಿಸಿದರು. “ಒಬ್ಬೊಬ್ಬರ ಬಂದು ಇದರಾಗ ಹಾಕ್ರಿ. ಬಾಯಿ ತಗದು ತೋರಿಸ್ರಿ” ಎಂದರು. ಮಕ್ಕಳು ಮುನಿಸಿಕೊಂಡೇ ಹಾಕಿದರು. ನಾನು ಪ್ರತಿಯೊಂದು ಬಾಯನ್ನೂ ನೋಡಿದೆ.

ಎರಡನೆಯ ತರಗತಿಯ ನಾಜಿಮಾ ಎಂಬ ಹುಡುಗಿ ಬರಿಗೈಯಲ್ಲಿ ನಿಂತಿದ್ದಳು.

“ನಿಂದ ಎಲ್ಲೈತಿ?”

“ತಂಗಿಗೆ ಕೊಟ್ಟ ಬಂದೇನ್ರಿ. ನಮ್ಮ ಮನಿ ಇಲ್ಲೇ ಹಿಂದ ಐತ್ರಿ.”

“ತಂಗಿ ಎಷ್ಟ ದೊಡ್ಡಾಕಿ?”

“ಸಣ್ಣಾಕಿ ಅದಾಳ್ರಿ. ಈಗ ನಡ್ಯಾಕ ಕಲತಾಳ.”

ನಾನು, ಭುವನೇಶ್ವರಿ ಮೇಡಂ, ಕಾಂತು, ಮೂವರೂ ಓಡಿದೆವು. ಶಾಲೆಯ ಹಿಂದಿನ ಗೋಡೆ ಸುತ್ತಿ ಹೋಗುವ ಆ ದಾರಿ ನನಗೆ ಕನಸಿನಲ್ಲಿ ಈಗಲೂ ಮುಗಿಯುವುದಿಲ್ಲ. ಮನೆಯ ಬಾಗಿಲು ತೆರೆದಿತ್ತು. ತಾಯಿ ನಲ್ಲಿಗೆ ಹೋಗಿದ್ದಳು. ಮಗು ಹೊಸ್ತಿಲಲ್ಲಿ ನಮಗೆ ಬೆನ್ನು ಮಾಡಿ ಕುಳಿತಿತ್ತು. ಅಲುಗಾಡುತ್ತಿರಲಿಲ್ಲ.

ಎತ್ತಿ ತಿರುಗಿಸಿದೆ. ಕಪ್ಪು ಬಾಯಲ್ಲೇ ಇತ್ತು. ಹೊಸದಾಗಿ ಮೂಡಿದ ನಾಲ್ಕು ಹಲ್ಲಿನಿಂದ ಆ ಬೆಳ್ಳಿಬಣ್ಣದ ಮುಚ್ಚಳವನ್ನು ಕಚ್ಚುತ್ತಿದ್ದಳು. ನಾಜಿಮಾ ಅದನ್ನು ಹರಿದುಕೊಟ್ಟಿರಲಿಲ್ಲ. ಒಂದು ಮೂಲೆ ಮಾತ್ರ ಎದ್ದಿತ್ತು. ನಾನು ಕಿತ್ತುಕೊಂಡೆ. ಮಗು ಓಣಿಯವರೆಲ್ಲ ಹೊರಗೆ ಬರುವಂತೆ ಅತ್ತಿತು. ತಾಯಿ ಕೊಡ ಬಿಟ್ಟು ಓಡಿ ಬಂದು, “ಯಾಕ ಅಳಸ್ತೀರಿ ಕೂಸಿನ್ನ?” ಎಂದು ಜಗಳಕ್ಕೆ ನಿಂತಳು. ಅಳಲಿ ತಾಯಿ, ಎಂದೆ. ಇನ್ನೂ ಜೋರಾಗಿ ಅಳಲಿ. ಅಳುತ್ತಿದ್ದರೆ ಉಸಿರಿದೆ ಎಂದು ಅರ್ಥ. ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

ಮುಂದಿನದು ನಿಮಗೇ ಗೊತ್ತು. ಆ ವಾರವೆಲ್ಲ ಗೈಬುಸಾಬರ ಟೆಂಪೋದಲ್ಲಿ ಊರೂರು ತಿರುಗಿದೆ, ನೀವು ಜಾಡಿಗಳನ್ನು ಹೊರಗಿಟ್ಟಿರಿ. ಹುಚ್ಚವ್ವನಂತೂ ಮಾಲನ್ನು ಚೀಲಕ್ಕೆ ತುಂಬಿ, ಟೆಂಪೋ ಬರುವವರೆಗೆ ಆ ಚೀಲದ ಮೇಲೆಯೇ ಕುಳಿತಿದ್ದಳು. ಕಂಪನಿ ನನ್ನನ್ನು ಮನೆಗೆ ಕಳಿಸಿತು, ಮಾನನಷ್ಟದ ನೋಟಿಸು ಕೊಟ್ಟಿತು. ಎರಡು ತಿಂಗಳ ನಂತರ ‘ಪ್ಯಾಕಿಂಗ್ ಸುಧಾರಣೆಗಾಗಿ’ ಎಂದು ಹೇಳಿ ಗುಳಕ್ ಅನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ನಾಲ್ಕು ತಾಲೂಕುಗಳಲ್ಲಿ ಒಂದು ಮಗುವೂ ಹೋಗಲಿಲ್ಲ. ಅದು ನಿಮ್ಮ ಪುಣ್ಯ.

ಇಲ್ಲಿಗೆ ಮುಗಿಸಬೇಕೆಂದು ಬರೆದುಕೊಂಡು ಬಂದಿದ್ದೆ. ಆದರೆ ಕಳೆದ ವಾರ ಒಂದು ಫೋನು ಬಂತು. ಗುರುತಿಲ್ಲದ ನಂಬರು, ಗುರುತಿದ್ದ ದನಿ. ಅನೀಲಕುಮಾರ.

“ರಾಜಶ್ರೀ, ಆ ಕಪ್ಪಿನ ಅಚ್ಚು ಒಡದಿಲ್ಲ. ಮಷೀನ ಸಮೇತ ಬ್ಯಾರೆ ಕಡೆ ಕಳಿಸ್ಯಾರ. ಹೆಸರು ಬ್ಯಾರೆ ಇಡತಾರ.”

“ಎಲ್ಲಿಗ್ರಿ ಸರ್?” ಎಂದೆ.

ಅವರ ಹಿಂದೆ ಮಕ್ಕಳು ಆಡುವ ಸದ್ದು ಕೇಳಿಸುತ್ತಿತ್ತು. “ನನಗೂ ಹೇಳಿಲ್ಲ” ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಆ ನಂಬರು ಹತ್ತುತ್ತಿಲ್ಲ.

ಎಲ್ಲಿಗೆ? ಯಾವ ರಾಜ್ಯಕ್ಕೆ, ಯಾವ ದೇಶಕ್ಕೆ, ಯಾವ ಅಂಗಡಿಯ ಗಲ್ಲೆಯ ಮುಂದಕ್ಕೆ? ನನಗೆ ಆ ಊರಿನ ಹೆಸರು ಗೊತ್ತಿಲ್ಲ. ಅಲ್ಲಿಯ ಭಾಷೆ ಗೊತ್ತಿಲ್ಲ. ಗೊತ್ತಿದ್ದರೆ ಇವತ್ತು ನಾನು ಈ ವೇದಿಕೆಯ ಮೇಲೆ ಇರುತ್ತಿರಲಿಲ್ಲ. ಈ ಫಲಕದ ಮೇಲೆ ಧೈರ್ಯ ಎಂದು ಕೆತ್ತಿಸಿದ್ದೀರಿ. ದಯವಿಟ್ಟು ಅದನ್ನು ಅಳಿಸಿ ಕೊಡಿ, ನನ್ನ ಹೆಸರೊಂದು ಸಾಕು.

ಹಿಂದಿನ ಸಾಲಿನ ಇಬ್ಬರಿಗೆ ಒಂದು ಮಾತು. ನೀವು ಚಿತ್ರೀಕರಿಸಿದ್ದನ್ನು ಮೇಲಿನವರಿಗೆ ತೋರಿಸಿ. ನನ್ನ ಮೇಲೆ ಇನ್ನೊಂದು ಕೇಸು ಹಾಕಲಿ. ಹಾಕುವ ಮೊದಲು, ಅದು ಎಲ್ಲಿಗೆ ಹೋಗಿದೆ ಎಂದು ಒಂದು ಸಲ ಕೇಳಿ ನನಗೆ ತಿಳಿಸಿ. ಊರಿನ ಹೆಸರಷ್ಟೇ ಸಾಕು.

ಕರೆಸಿ ಕೂರಿಸಿ ಇಷ್ಟು ಹೊತ್ತು ಕೇಳಿದ ಸಂಘಕ್ಕೆ, ಅಧ್ಯಕ್ಷರಿಗೆ, ಭುವನೇಶ್ವರಿ ಮೇಡಂ ಅವರಿಗೆ, ಅಂಗಡಿ ಬಿಟ್ಟು ಬಂದ ನಿಮಗೆಲ್ಲ ನಾನು ಋಣಿ. ಊಟಕ್ಕೆ ಎಲೆ ಹಾಕಿದ್ದಾರಂತೆ. ಮೊದಲು ಮಕ್ಕಳನ್ನು ಕೂರಿಸಿ, ಅವರ ಪಕ್ಕದಲ್ಲಿ ನೀವು ಕುಳಿತುಕೊಳ್ಳಿ, ಅವರು ಉಂಡು ಮುಗಿಸುವವರೆಗೆ ಯಾರೂ ಏಳಬೇಡಿ.

ನಮಸ್ಕಾರ.